ಪ್ರಾಜೆಕ್ಟ್ 2025ರಲ್ಲಿ ಯಾವುದು ಜಾರಿಯಾಗಿದೆ, ಯಾವುದು ಬರೀ ಸದ್ದು: ಪರೀಕ್ಷಿಸುವ ಬಗೆ

ಅಮೆರಿಕದ ಮುಂದಿನ ಸರ್ಕಾರಕ್ಕೆಂದು ಬಲಪಂಥೀಯರು ಬರೆದಿಟ್ಟ ಆಡಳಿತದ ನೀಲನಕ್ಷೆ ಪ್ರಾಜೆಕ್ಟ್ 2025ರ ಬಗ್ಗೆ ತನಗೇನೂ ಗೊತ್ತಿಲ್ಲ ಎಂದು ಟ್ರಂಪ್ 2024ರ ಜುಲೈನಲ್ಲಿ ಕೈತೊಳೆದುಕೊಂಡರು. ನವೆಂಬರ್‌ನಲ್ಲಿ ಗೆದ್ದ ಮೇಲೆ ಅದನ್ನು ಬರೆದವರಲ್ಲೇ ಕೆಲವರಿಗೆ ಕುರ್ಚಿ ಕೊಟ್ಟರು. ಹಾಗಂತ ವಾಟ್ಸ್ಆ್ಯಪ್‌ನಲ್ಲಿ ಬರುವ ‘ಇಷ್ಟು ಶೇಕಡ ಮುಗಿದಿದೆ’ ಎಂಬ ಲೆಕ್ಕ ನಂಬಬೇಕಿಲ್ಲ. ಒಂದೊಂದು ಅಂಶವನ್ನೂ ನೀವೇ ತಾಳೆ ನೋಡಬಹುದು.

ಮೊದಲು ಮೂಲ ಪಿಡಿಎಫ್ ಇಳಿಸಿಕೊಳ್ಳಿ. ಹೆರಿಟೇಜ್ ಫೌಂಡೇಶನ್ ಎಂಬ ಬಲಪಂಥೀಯ ಚಿಂತಕರ ಚಾವಡಿ 2023ರ ಏಪ್ರಿಲ್‌ನಲ್ಲಿ ಹೊರತಂದದ್ದು. 30 ಅಧ್ಯಾಯ, 900ಕ್ಕೂ ಹೆಚ್ಚು ಪುಟ. ಪೂರ್ತಿ ಓದಬೇಡಿ, ಸಂಬಂಧಪಟ್ಟ ಇಲಾಖೆಯ ಅಧ್ಯಾಯದಲ್ಲಿ ಪದ ಹುಡುಕಿ. ಎಚ್-1ಬಿ ಕೆಲಸದ ವೀಸಾವನ್ನು ಹೆಚ್ಚು ಸಂಬಳದ ಪ್ರತಿಭಾವಂತರಿಗೆ ಮಾತ್ರ ಸೀಮಿತಗೊಳಿಸಬೇಕೆಂಬ ಮಾತು ಅಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ 1 ಲಕ್ಷ ಡಾಲರ್ ವೀಸಾ ಶುಲ್ಕದ ಮಾತು ಅಲ್ಲಿಲ್ಲ. ಅಮೆರಿಕದ ಕನ್ನಡಿಗರ ನಿದ್ದೆ ಕೆಡಿಸಿದ, ಜನ್ಮಸಿದ್ಧ ಪೌರತ್ವಕ್ಕೆ ಕಡಿವಾಣ ಹಾಕುವ ಆದೇಶವೂ ಆ ಪುಸ್ತಕದ್ದಲ್ಲ.

ಅಧ್ಯಾಯದ ಲೇಖಕರು ಈಗ ಎಲ್ಲಿದ್ದಾರೆ ನೋಡಿ. ಅಧ್ಯಕ್ಷರ ಕಚೇರಿಯ ಬಗ್ಗೆ ಬರೆದ ರಸೆಲ್ ವೋಟ್ ಬಜೆಟ್ ಕಚೇರಿಯ ಮುಖ್ಯಸ್ಥರಾದರು, ಪ್ರಸಾರ ಮತ್ತು ದೂರಸಂಪರ್ಕ ನಿಯಂತ್ರಿಸುವ ಎಫ್‌ಸಿಸಿ ಬಗ್ಗೆ ಬರೆದ ಬ್ರೆಂಡನ್ ಕಾರ್ ಅದರದೇ ಅಧ್ಯಕ್ಷರಾದರು. ಅಂಥ ಕಡೆ ಹೆಚ್ಚು ಕಣ್ಣಿಡಿ.

ಮುಖ್ಯ ಪ್ರಶ್ನೆ ಇನ್ನೊಂದು: ಯಾವ ದಾರಿಯಲ್ಲಿ ತಂದರು? ಹೆಚ್ಚಿನವರು ಎಡವುವುದು ಇಲ್ಲೇ. ಕ್ಯಾಮೆರಾ ಮುಂದೆ ಸಹಿ ಬಿದ್ದರೆ ಕಾನೂನಾಯಿತು ಅಂದುಕೊಳ್ಳುತ್ತಾರೆ. ಸರ್ಕಾರಿ ನೌಕರರನ್ನು ಸುಲಭವಾಗಿ ತೆಗೆಯುವ ‘ಶೆಡ್ಯೂಲ್ ಎಫ್’ಗೆ 2025ರ ಜನವರಿ 20ರಂದೇ ಸಹಿ ಬಿತ್ತು, ಸುಮಾರು 50,000 ಹುದ್ದೆಗಳನ್ನು ಮುಟ್ಟುವ ಕರಡು ನಿಯಮ ಬಂದದ್ದು ಏಪ್ರಿಲ್‌ನಲ್ಲಿ. ಕರಡು, ಆಕ್ಷೇಪಣೆಯ ಅವಧಿ, ಅಂತಿಮ ನಿಯಮ ಎಲ್ಲವೂ ಫೆಡರಲ್ ರಿಜಿಸ್ಟರ್‌ನಲ್ಲಿ ಸಿಗುತ್ತವೆ. ನಮ್ಮ ರಾಜ್ಯಪತ್ರದಂಥದ್ದು ಅದು. ನಿಯಮದ ಕಡತ ಗುರುತಿಸುವ ಡಾಕೆಟ್ ಸಂಖ್ಯೆ ಬರೆದಿಟ್ಟುಕೊಳ್ಳಿ.

ಶಿಕ್ಷಣ ಇಲಾಖೆ ಮುಚ್ಚುವ 2025ರ ಮಾರ್ಚ್ 20ರ ಆದೇಶ ಬೇರೆ ಜಾತಿಯದು. 1979ರ ಕಾಯ್ದೆಯಿಂದ ಹುಟ್ಟಿದ ಇಲಾಖೆ, ಸಂಸತ್ತೇ ಮುಚ್ಚಬೇಕು, ಸೆನೆಟ್‌ನಲ್ಲಿ ಚರ್ಚೆ ಮುಗಿಸಲು 60 ಮತ ಬೇಕು. ಸಾರ್ವಜನಿಕ ರೇಡಿಯೊ, ಟಿವಿಯ ಸುಮಾರು 110 ಕೋಟಿ ಡಾಲರ್ ಅನುದಾನ ವಾಪಸ್ ಪಡೆದಾಗ ಈ ತೊಡಕಿರಲಿಲ್ಲ. 1974ರ ಕಾಯ್ದೆಯ ಪ್ರಕಾರ 45 ದಿನಗಳ ಗಡುವಿನೊಳಗೆ ಅನುದಾನ ರದ್ದತಿಗೆ ಸರಳ ಬಹುಮತ ಸಾಕು. ಸೆನೆಟ್‌ನಲ್ಲಿ 51-48ರಲ್ಲಿ ಮುಗಿಯಿತು. ಪುಸ್ತಕದ ಶಿಫಾರಸುಗಳಲ್ಲಿ ಇಷ್ಟು ಗಟ್ಟಿಯಾಗಿ ಕೂತವು ಕಡಿಮೆ.

ನಿಮ್ಮ ಪಟ್ಟಿಯಲ್ಲಿ ಘೋಷಣೆ, ಕರಡು, ಅಂತಿಮ, ಕೋರ್ಟ್ ತಡೆ, ಜಾರಿ ಎಂಬ ಐದು ಕಾಲಂ ಇರಲಿ, ಪ್ರತಿಯೊಂದಕ್ಕೂ ದಿನಾಂಕ ಹಾಕಿ. ತಡೆಯ ಕಾಲಂ ಅನ್ನು ವಾರಕ್ಕೊಮ್ಮೆ ತಿರುಗಿ ನೋಡಲೇಬೇಕು: ಶಿಕ್ಷಣ ಇಲಾಖೆಯ ನೌಕರರ ವಜಾಕ್ಕೆ 2025ರ ಮೇ ತಿಂಗಳಲ್ಲಿ ಕೆಳ ನ್ಯಾಯಾಲಯ ಕೊಟ್ಟ ತಡೆಯನ್ನು ಸುಪ್ರೀಂ ಕೋರ್ಟ್ ಜುಲೈ 14ರಂದು ಸರಿಸಿತು, ಮೇ ತಿಂಗಳ ಪಟ್ಟಿಯನ್ನೇ ನೆಚ್ಚಿ ಕೂತರೆ ಅದು ಗೊತ್ತೇ ಆಗದು.