ಇಂಡಿಯನ್ ಸ್ಟೋರ್ ಇಲ್ಲದ ಊರಿನಲ್ಲಿ ಪೋಲಿಷ್ ಅಂಗಡಿ

ಹೊಸದಾಗಿ ಇಂಗ್ಲೆಂಡಿಗೆ ಬಂದವರು ಫೋನ್ ಮಾಡಿದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಇಲ್ಲಿ ಇಂಡಿಯನ್ ಸ್ಟೋರ್ ಎಲ್ಲಿದೆ?" ಲಂಡನ್, ಲೆಸ್ಟರ್, ಬರ್ಮಿಂಗ್‌ಹ್ಯಾಮ್‌ನವರಿಗೆ ಈ ಚಿಂತೆ ಇಲ್ಲ. ನಮ್ಮ ಲಿಂಕನ್‌ಶೈರ್ ಕಡೆಯ ಸಣ್ಣ ಊರುಗಳಿಗೆ ಆಸ್ಪತ್ರೆ ಕೆಲಸಕ್ಕೆ ಅಂತ ಬಂದವರಿಗೆ ಇದೆ. ತೊಗರಿಬೇಳೆ, ಸೋನಾಮಸೂರಿ, ಹುಣಸೆಹಣ್ಣು, ಇಂಗು ಇವಕ್ಕೆ ಬೇರೆ ದಾರಿ ಇಲ್ಲ. ಪೀಟರ್‌ಬರೋಗೋ ಲೆಸ್ಟರ್‌ಗೋ ಹೋದಾಗ ಎರಡು ತಿಂಗಳಿಗೆ ಆಗುವಷ್ಟು ತಂದಿಟ್ಟುಕೊಳ್ಳಿ. ಮಿಕ್ಕಿದ್ದಕ್ಕೆ ಅಷ್ಟು ದೂರ ಹೋಗುವುದು ಬೇಡ. ಬಿಳಿ ಕೆಂಪು ಬೋರ್ಡಿನ ಮೇಲೆ "ಪೋಲ್ಸ್ಕಿ ಸ್ಕ್ಲೆಪ್" ಅಂತ ಬರೆದ ಅಂಗಡಿ ಕಂಡರೆ ಒಳಗೆ ಹೋಗಿ. ಸ್ಕ್ಲೆಪ್ ಅಂದರೆ ಅಂಗಡಿ, ಅಷ್ಟೇ.

ನಾನು ಇಲ್ಲಿಗೆ ಮೈಸೂರಿನಿಂದ ನೇರವಾಗಿ ಬಂದವಳಲ್ಲ. ನಮ್ಮ ಮನೆಯವರ ಕೆಲಸದ ಕಾರಣಕ್ಕೆ ಮೊದಲು ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ನಾಲ್ಕು ವರ್ಷ ಇದ್ದೆವು. ಇಂಗ್ಲೆಂಡಿಗೆ ಬಂದ ಮೊದಲ ತಿಂಗಳು ನನಗೆ ಊರಿನ ನೆನಪಿಗಿಂತ ಅಲ್ಲಿನ ಮಜ್ಜಿಗೆಯ ನೆನಪೇ ಜಾಸ್ತಿ ಆಗಿತ್ತು. ಹೇಳಿದರೆ ನಗ್ತೀರಿ.

ಇಷ್ಟೊಂದು ಪೋಲಿಷ್ ಅಂಗಡಿ ಇಲ್ಲಿಗೆ ಹೇಗೆ ಬಂದವು ಅಂತ ಕೇಳಬಹುದು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಜೊತೆ ಹೋರಾಡಿದ ಪೋಲಿಷ್ ಸೈನಿಕರಿಗೆ ಇಲ್ಲೇ ನೆಲೆಸಲು 1947ರಲ್ಲಿ ಕಾನೂನು ಆಯಿತು. ಆಮೇಲೆ 2004ರ ಮೇ 1ರಂದು ಪೋಲೆಂಡ್ ಯುರೋಪಿಯನ್ ಯೂನಿಯನ್ ಸೇರಿತು. ಬ್ರಿಟನ್ ಅವರಿಗೆ ಕೂಡಲೇ ಕೆಲಸದ ಬಾಗಿಲು ತೆರೆಯಿತು. ಲಿಂಕನ್‌ಶೈರ್‌ನ ಹೊಲಗಳಿಗೆ, ತರಕಾರಿ ಪ್ಯಾಕ್ ಮಾಡುವ ಶೆಡ್ಡುಗಳಿಗೆ ಜನ ಬಂದರು. ಅವರ ಹಿಂದೆಯೇ ಅವರ ಉಪ್ಪಿನಕಾಯಿಯೂ ಬಂತು.

ಈಗ ಅಂಗಡಿಯೊಳಗೆ ಹೋಗೋಣ. ಮೊದಲು ಓದುವುದನ್ನು ಕಲಿಯಿರಿ. ಡಬ್ಲ್ಯೂ ಅಕ್ಷರವನ್ನು "ವ" ಅಂತ ಓದಬೇಕು. ಎಲ್ ಮೇಲೆ ಅಡ್ಡಗೆರೆ ಇದ್ದರೆ ಅದು "ಲ" ಅಲ್ಲ, ಇಂಗ್ಲಿಷಿನ ಡಬ್ಲ್ಯೂ ತರ. ಎಸ್ ಜೆಡ್ ಒಟ್ಟಿಗೆ ಬಂದರೆ "ಶ", ಸಿ ಜೆಡ್ ಬಂದರೆ "ಚ". ಇಷ್ಟು ಗೊತ್ತಿದ್ದರೆ ಡಬ್ಬಿ ತೋರಿಸಿ ಕೈಸನ್ನೆ ಮಾಡುವುದು ತಪ್ಪುತ್ತದೆ. ಒಳಗೆ ಹೋದ ಕೂಡಲೇ "ಜೇನ್ ದೋಬ್ರಿ" ಅನ್ನಿ. ಕೌಂಟರಿನ ಹಿಂದಿನ ಹೆಂಗಸಿನ ಮುಖ ಗಂಟಿಕ್ಕಿದ್ದರೂ ಅದು ನಿಮ್ಮ ಮೇಲಿನ ಸಿಟ್ಟಲ್ಲ. ಅವರು ಸುಮ್ಮಸುಮ್ಮನೆ ನಗುವವರಲ್ಲ, ಅಷ್ಟೇ.

ನೇರವಾಗಿ ಸೊಪ್ಪಿನ ಹತ್ತಿರ ಹೋಗಿ. "ಕೊಪೆರೆಕ್" ಅಂತ ಬರೆದಿರುತ್ತದೆ. ಮೂಗಿಗೆ ಹಿಡಿಯಿರಿ. ನಮ್ಮ ಸಬ್ಬಸಿಗೆ! ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ನಾಲ್ಕು ಕಡ್ಡಿ ಇಡುತ್ತಾರೆ. ಇಲ್ಲಿ ಕಟ್ಟು ಕಟ್ಟಾಗಿ ಸಿಗುತ್ತದೆ, ಯಾಕೆಂದರೆ ಅವರು ಆಲೂಗೆಡ್ಡೆಯ ಮೇಲೆ, ಸೂಪಿನ ಮೇಲೆ, ಸೌತೆಕಾಯಿ ಮೇಲೆ ಎಲ್ಲದರ ಮೇಲೂ ಇದನ್ನೇ ಉದುರಿಸುತ್ತಾರೆ. ಅಕ್ಕಿರೊಟ್ಟಿಗೆ ಎರಡು ಕಟ್ಟು ತನ್ನಿ. ಪಕ್ಕದಲ್ಲಿ "ಕಲರೆಪಾ" ಇದ್ದರೆ ಅದು ನವಿಲುಕೋಸು. ಫ್ರೀಜರ್‌ನಲ್ಲಿ "ಬುಪ್" ಸಿಕ್ಕರೆ ಬಿಡಬೇಡಿ. ಬರೆಯುವುದು ಬಿ ಓ ಬಿ, ಓ ಮೇಲೊಂದು ಗೀಟು. ದಪ್ಪ ಅವರೆಕಾಳಿನಂಥ ಕಾಳು ಅದು. ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು ಬೆರಳಿನಲ್ಲಿ ಒತ್ತಿದರೆ ಸಿಪ್ಪೆಯಿಂದ ಹಸಿರು ಬೇಳೆ ಪುಳಕ್ಕನೆ ಜಾರಿ ಬರುತ್ತದೆ. ವ್ರೊತ್ಸ್ವಾಫ್‌ನ ಪಕ್ಕದ ಮನೆ ಅಜ್ಜಿ ಬೇಸಿಗೆಯಲ್ಲಿ ಬಾಗಿಲ ಹತ್ತಿರ ಕೂತು ಉಪ್ಪು ಹಾಕಿ ಬೇಯಿಸಿದ ಬುಪ್ಪನ್ನು ಹೀಗೇ ಒತ್ತಿ ಒತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನನಗೆ ನಮ್ಮಜ್ಜಿ ಹಿತಕಿದ ಬೇಳೆ ಮಾಡುವುದೇ ಕಣ್ಣಿಗೆ ಬಂತು. ಸೊಗಡು ಇರಲ್ಲ, ಅದು ನಿಜ. ಸಾರು ಮಾತ್ರ ಚೆನ್ನಾಗಿ ಆಗುತ್ತದೆ.

ಇನ್ನು "ಕಾಶಾ" ಸಾಲು. ಅಕ್ಕಿಯಲ್ಲದ ಧಾನ್ಯಗಳೆಲ್ಲ ಹೆಚ್ಚುಕಡಿಮೆ ಈ ಹೆಸರಿನಲ್ಲೇ ಇರುತ್ತವೆ. ಕಾಶಾ ಯಾಗ್ಲಾನಾ ಅಂದರೆ ಬರಗು. ಹೌದು, ಊರಿನಲ್ಲಿ ಸಿರಿಧಾನ್ಯ ಅಂತ ದುಬಾರಿ ಬೆಲೆಗೆ ಮಾರುವ ಅದೇ ಬರಗು. ಒಮ್ಮೆ ಕುದಿನೀರು ಸುರಿದು ಬಸಿಯಿರಿ, ಇಲ್ಲದಿದ್ದರೆ ಕಹಿ ಬರುತ್ತದೆ. ಆಮೇಲೆ ಪೊಂಗಲ್ ಮಾಡಿದರೆ ಅಕ್ಕಿಯದು ಬೇಡ ಅನ್ನಿಸುತ್ತದೆ. ಕೆಲವು ಡಬ್ಬಿಗಳಲ್ಲಿ ಮೈತುಂಬ ತೂತಿರುವ, 100 ಗ್ರಾಂನ ಪ್ಲಾಸ್ಟಿಕ್ ಚೀಲ ನಾಲ್ಕು ಇರುತ್ತವೆ. ಅವರು ಚೀಲದ ಸಮೇತ ಕುದಿಸುತ್ತಾರೆ. ನೀವು ಕತ್ತರಿಸಿ ಸುರಿದುಕೊಳ್ಳಿ. ಕಾಶಾ ಮಾನ್ನಾ ನಮ್ಮ ಚಿರೋಟಿ ರವೆಯ ಹಾಗೆ ಸಣ್ಣದು. ಕೇಸರಿಬಾತಿಗೆ ಸರಿ, ಉಪ್ಪಿಟ್ಟು ಮಾಡಿದರೆ ಅಂಟು. ಕಾಶಾ ಗ್ರಿಚಾನಾ ಒಂದು ಮಾತ್ರ ನನಗೆ ನಾಲ್ಕು ವರ್ಷದಲ್ಲೂ ಒಗ್ಗಲಿಲ್ಲ. ಹುರಿದ ಬಕ್‌ವೀಟ್ ಅದು, ಹಿಂದಿಯವರು ಕುಟ್ಟು ಅನ್ನುವ ಧಾನ್ಯ, ವಾಸನೆ ಜೋರು.

ಗ್ರೋಖ್ ಅಂದರೆ ಬಟಾಣಿ. ಒಡೆದ ಹಳದಿ ಬೇಳೆ ಸಿಗುತ್ತದೆ. ತೊಗರಿಬೇಳೆ ಮುಗಿದು, ಲೆಸ್ಟರ್‌ಗೆ ಹೋಗುವ ದಿನ ಇನ್ನೂ ದೂರ ಇದ್ದರೆ ಹುಳಿಗೆ ಹಾಕಿ. ತಿಳಿಸಾರಿಗೆ ಬೇಡ, ರುಚಿ ಬರಲ್ಲ. ನೆನೆಹಾಕಿ ತರಿತರಿಯಾಗಿ ರುಬ್ಬಿದರೆ ಅಂಬೊಡೆ ಬೊಂಬಾಟಾಗಿ ಬರುತ್ತದೆ.

ಹಾಲು ಮೊಸರಿನ ಫ್ರಿಜ್ ಮುಂದೆ ನಿಧಾನವಾಗಿ ನಿಲ್ಲಿ. ಮಾಶ್ಲಾಂಕಾ ಅಂದರೆ ಮಜ್ಜಿಗೆ. ಒಗ್ಗರಣೆ ಕೊಟ್ಟು ಕುಡಿಯಿರಿ, ರವೆದೋಸೆಗೂ ಹಾಕಿ. ಕೆಫೀರ್ ಅನ್ನುವುದೂ ಮಜ್ಜಿಗೆಯ ಹಾಗೆ ಹುಳಿ ಬರಿಸಿದ ಹಾಲು, ಇನ್ನಷ್ಟು ಹುಳಿ. ತ್ವಾರುಕ್ ಅನ್ನು ಪನೀರ್ ಅಂತ ಯಾರೋ ನಿಮಗೆ ಹೇಳಿಯೇ ಹೇಳುತ್ತಾರೆ. ನಂಬಬೇಡಿ. ಮೊಸರು ಕಟ್ಟಿ ಒತ್ತಿದ ಹಾಗೆ ಇರುತ್ತದೆ, ಹುಳಿ ಇರುತ್ತದೆ, ಬಾಣಲೆಗೆ ಹಾಕಿದರೆ ಪುಡಿಪುಡಿ. ನಾನು ಮೊದಲ ಸಲ ಪಾಲಕ್ ಪನೀರ್ ಮಾಡಲು ಹೋಗಿ ಪಾಲಕ್ ಗಂಜಿ ಮಾಡಿದ್ದೆ. ಭುರ್ಜಿಗೆ, ಪರೋಟಾ ಹೂರಣಕ್ಕೆ ಮಾತ್ರ ತುಂಬ ಚೆನ್ನ. ಅದರಲ್ಲೂ "ತ್ವುಸ್ತಿ" ಅಂದರೆ ಕೊಬ್ಬು ಜಾಸ್ತಿ ಇರುವುದು, "ಖೂದಿ" ಅಂದರೆ ಕಡಿಮೆ ಇರುವುದು. ತ್ವುಸ್ತಿ ತನ್ನಿ, ಡಯಟ್ ನಾಳೆಯಿಂದ.

ಬೆಣ್ಣೆಗೆ ಮಾಸ್ವೊ ಅನ್ನುತ್ತಾರೆ. 82 ಪರ್ಸೆಂಟ್ ಅಂತ ಇರುವ 200 ಗ್ರಾಂ ಗಟ್ಟಿ ತಂದು ಮನೆಯಲ್ಲೇ ತುಪ್ಪ ಕಾಯಿಸಿ. "ಮಾಸ್ವೊ ಕ್ಲಾರೊವಾನೆ" ಅಂತ ತುಪ್ಪವೇ ಡಬ್ಬಿಯಲ್ಲಿ ಬರುತ್ತದೆ, ಆದರೆ ಘಮ ಸಾಲದು.

ಇಲ್ಲೊಂದು ಎಚ್ಚರಿಕೆ. ಬೆಣ್ಣೆಯ ಪಕ್ಕದಲ್ಲೇ, ಬೆಣ್ಣೆಯ ಹಾಗೆಯೇ ಕಾಗದ ಸುತ್ತಿದ ಇನ್ನೊಂದು ಬಿಳಿ ಗಟ್ಟಿ ಇರುತ್ತದೆ. ಅದು "ಸ್ಮಾಲೆಟ್ಸ್". ವ್ರೊತ್ಸ್ವಾಫ್‌ಗೆ ಹೋದ ಮೊದಲ ವಾರ, ಬೆಣ್ಣೆಗಿಂತ ಅಗ್ಗ ಅಂತ ಎರಡು ತಂದೆ. ಒಲೆಯ ಮೇಲಿಟ್ಟೆ. ನೊರೆ ಬರಲಿಲ್ಲ, ಗಸಿ ಕೂರಲಿಲ್ಲ, ನೀರಿನ ಹಾಗೆ ಕರಗಿತು. ವಾಸನೆ ಬೇರೆ ಏನೋ. ಫೋನಿನಲ್ಲಿ ಪದ ಹುಡುಕಿದರೆ ಹಂದಿಯ ಕೊಬ್ಬು! ಪಾತ್ರೆಯನ್ನೂ ಎಸೆದೆ. ಅತ್ತೆಗೆ ಇವತ್ತಿನವರೆಗೂ ಹೇಳಿಲ್ಲ.

ಸಸ್ಯಾಹಾರಿಗಳು ಇನ್ನೂ ನಾಲ್ಕು ಪದ ಕಲಿತರೆ ಒಳ್ಳೆಯದು: ವೆಪ್‌ಶೊವಿನಾ ಹಂದಿಮಾಂಸ, ವೊವೊವಿನಾ ದನದ ಮಾಂಸ, ಝೆಲಾತಿನಾ ಅಂದರೆ ಜೆಲಾಟಿನ್, ಸ್ಕ್ವಾರ್ಕಿ ಅಂದರೆ ಹುರಿದ ಕೊಬ್ಬಿನ ಚೂರು. ಆಲೂಗೆಡ್ಡೆ ಮತ್ತು ತ್ವಾರುಕ್ ತುಂಬಿದ "ಪಿಯೆರೋಗಿ ರುಸ್ಕಿಯೆ" ಕಡುಬಿನಲ್ಲಿ ಮಾಂಸ ಇರಲ್ಲ, ಆದರೆ ಬಡಿಸುವಾಗ ಮೇಲೆ ಸ್ಕ್ವಾರ್ಕಿ ಉದುರಿಸಿಬಿಡುತ್ತಾರೆ. ಪೊಟ್ಟಣದ ಮೇಲೆ ಇಂಗ್ಲಿಷ್ ಚೀಟಿ ಅಂಟಿಸಿದ್ದರೆ ಓದಿ.

ಮಸಾಲೆಯಲ್ಲೂ ಒಂದು ಗುಂಡಿ ಇದೆ. "ಕ್ಮಿನೆಕ್" ನೋಡಲು ಥೇಟ್ ಜೀರಿಗೆ. ಆದರೆ ಅದು ಶಾಹಿಜೀರಿಗೆಯ ಕಡೆಯ, ಕ್ಯಾರವೇ ಅನ್ನುವ ಕಾಳು. ಅದನ್ನು ಹಾಕಿ ಸಾರು ಮಾಡಿದರೆ ಬೇಕರಿ ವಾಸನೆ ಬರುತ್ತದೆ. ನಮ್ಮ ಜೀರಿಗೆಗೆ ಅವರು "ಕ್ಮಿನ್ ಝಿಮ್ಸ್ಕಿ" ಅನ್ನುತ್ತಾರೆ, ರೋಮಿನ ಜೀರಿಗೆ ಅಂತ. ಗಸಗಸೆಗೆ "ಮಾಕ್". ಅದು ಬಿಳಿ ಅಲ್ಲ, ಬೂದಿ ನೀಲಿ. ಪಾಯಸ ಮಾಡಿದರೆ ರುಚಿ ಸರಿಯಾಗಿಯೇ ಇರುತ್ತದೆ, ಬಣ್ಣ ಮಾತ್ರ ಸಿಮೆಂಟಿನದು. ಮಕ್ಕಳು ಮುಟ್ಟಲ್ಲ. ಅಂದ ಹಾಗೆ, ಗಸಗಸೆಯನ್ನು ದುಬೈ ಮೂಲಕ ಹೋಗುವ ಲಗೇಜಿನಲ್ಲಿ ಇಡಬೇಡಿ, ಅಲ್ಲಿ ಅದಕ್ಕೆ ನಿಷೇಧ ಇದೆ.

ಉಪ್ಪಿನಕಾಯಿ ಸೌತೆಯಲ್ಲಿ ಎರಡು ಜಾತಿ. "ಕೊನ್ಸೆರ್ವೊವೆ" ವಿನೆಗರ್‌ನಲ್ಲಿ ಹಾಕಿದ್ದು, ಸಿಹಿ. "ಕಿಶೊನೆ" ಬರೀ ಉಪ್ಪುನೀರಿನಲ್ಲಿ ಬೆಳ್ಳುಳ್ಳಿ, ಸಬ್ಬಸಿಗೆ ಕಡ್ಡಿ ಹಾಕಿ ತಾನಾಗಿ ಹುಳಿ ಬರಿಸಿದ್ದು. ಮೊಸರನ್ನದ ಜೊತೆ ಕಿಶೊನೆ ಕಚ್ಚಿ ನೋಡಿ. ಉಪ್ಪಿನಲ್ಲಿಟ್ಟ ಮಾವಿನ ಮಿಡಿ ನೆನಪಾಗದಿದ್ದರೆ ನನ್ನನ್ನು ಕೇಳಿ.

ಕಾಫಿ ಪುಡಿ ಮುಗಿದಾಗ "ಇಂಕಾ" ಅಂತ ಒಂದು ಡಬ್ಬಿ ಇದೆ. 1971ರಿಂದ ಪೋಲೆಂಡಿನ ಮನೆಮನೆಯಲ್ಲಿ ಇದೆ. ರೈ, ಬಾರ್ಲಿ, ಚಿಕೋರಿ ಹುರಿದು ಮಾಡಿದ್ದು, ಕಾಫಿಯೇ ಇಲ್ಲ. ಹಾಲು ಹಾಕಿ ಕುದಿಸಿದರೆ ಚಿಕೋರಿ ಜಾಸ್ತಿ ಬಿದ್ದ ಸಣ್ಣ ಹೋಟೆಲಿನ ಕಾಫಿ ವಾಸನೆ. ರಾತ್ರಿ ಕುಡಿದರೂ ನಿದ್ದೆ ಬರುತ್ತದೆ. "ಕ್ರೂಫ್ಕಿ" ಅನ್ನುವ ಮಿಠಾಯಿ ನಮ್ಮ ಹಾಲ್ಕೋವಾದ ಸೋದರಸಂಬಂಧಿ. ಹೆಸರಿನ ಅರ್ಥ ಪುಟ್ಟ ಹಸುಗಳು.

ದೊಡ್ಡ ಸೂಪರ್ ಮಾರ್ಕೆಟ್ಟುಗಳಲ್ಲೂ ಒಂದು ಪೋಲಿಷ್ ಸಾಲು ಇರುತ್ತದೆ. ಅಲ್ಲಿ ಜಾಮು, ಮೇಯೋನೀಸು, ಸೂಪಿನ ಪುಡಿ ಸಿಗುತ್ತವೆ. ತಾಜಾ ತ್ವಾರುಕ್, ಕಟ್ಟು ಸಬ್ಬಸಿಗೆಗೆ ಸ್ಕ್ಲೆಪ್ಪಿಗೇ ಹೋಗಬೇಕು. ಲಿಥುವೇನಿಯಾದವರ ಅಂಗಡಿಯಲ್ಲೂ ಹೆಚ್ಚುಕಡಿಮೆ ಇವೇ ಇರುತ್ತವೆ, ಹೆಸರು ಬೇರೆ. ಮುಂಚೆ ಪೋಲೆಂಡಿನ ಸ್ನೇಹಿತರು ಬರುವಾಗ ಸೂಟ್‌ಕೇಸಿನಲ್ಲಿ ತ್ವಾರುಕ್ ತರುತ್ತಿದ್ದರು. 2025ರ ಏಪ್ರಿಲ್‌ನಲ್ಲಿ ಕಾಲುಬಾಯಿ ರೋಗದ ಭಯಕ್ಕೆ ಯುರೋಪಿಯನ್ ಯೂನಿಯನ್ನಿನಿಂದ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಬ್ರಿಟನ್ ನಿಲ್ಲಿಸಿತು. ಯಾರಾದರೂ ಬರುವವರಿದ್ದರೆ ಮೊದಲು ನಿಯಮ ನೋಡಿಕೊಂಡೇ ತರಲು ಹೇಳಿ.

ಹೋಗುವುದಾದರೆ ಶನಿವಾರ ಬೆಳಿಗ್ಗೆ ಹೋಗಿ. ಮಧ್ಯಾಹ್ನದ ಹೊತ್ತಿಗೆ ಸಬ್ಬಸಿಗೆ ಖಾಲಿ. ಡಿಸೆಂಬರ್ 24ರ ಹಿಂದಿನ ವಾರ ಮಾತ್ರ ಕಾಲಿಡಲು ಜಾಗ ಇರಲ್ಲ. ಕ್ರಿಸ್‌ಮಸ್ ಹಿಂದಿನ ಆ 24ರ ರಾತ್ರಿ ಅವರು ಮಾಂಸ ತಿನ್ನುವುದಿಲ್ಲ, ಮೀನು ಬಿಟ್ಟರೆ. ಹಾಗಾಗಿ ಎಲೆಕೋಸು ಅಣಬೆ ತುಂಬಿದ ಪಿಯೆರೋಗಿ ಆಗ ಫ್ರೀಜರ್ ತುಂಬ ಇರುತ್ತದೆ. ನಾನು ನಾಲ್ಕು ಪೊಟ್ಟಣ ತಂದಿಡುತ್ತೇನೆ. ಕುದಿಸಿ, ಸಾಸಿವೆ ಒಗ್ಗರಣೆಯಲ್ಲಿ ಹೊರಳಿಸಿ, ಮೇಲೆ ಚಟ್ನಿಪುಡಿ. ಕೌಂಟರಿನ ಹೆಂಗಸಿಗೆ ಹೋದ ವರ್ಷ ಒಂದು ಡಬ್ಬಿ ಕೊಟ್ಟೆ. ತಿಂದು ನೀರು ಕುಡಿದರು. ಮಾರನೇ ವಾರ ಖಾಲಿ ಡಬ್ಬಿ ವಾಪಸ್ ಕೊಟ್ಟು, ಆ ಪುಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು.