ಹುಳದ ಮನೆ ತೇವಾಂಶ ನೋಡೋಕೆ ತಿರುಗಿಸೋ ಸೈಕ್ರೋಮೀಟರ್

ರೇಷ್ಮೆ ಹುಳ ಸಾಕೋರು ಈಗೆಲ್ಲ ಗೋಡೆಗೆ ಒಂದು ಡಿಜಿಟಲ್ ಮೀಟರ್ ನೇತಾಕಿ ಸುಮ್ಮನಾಗ್ಬಿಡ್ತಾರೆ, ಆದ್ರೆ ಮನೆಗೆ ಔಷಧಿ ಹೊಡೆದು ಹೊಡೆದು ಅದರ ಸೆನ್ಸರ್ ಕೆಟ್ಟು ಏನೇನೋ ತೋರಿಸ್ತಿದ್ರೂ ನಮಗೆ ಗೊತ್ತಾಗಲ್ಲ. ನನ್ನ ಕೇಳಿದ್ರೆ ಸ್ಲಿಂಗ್ ಸೈಕ್ರೋಮೀಟರ್ ಒಂದು ಇಟ್ಕೊಳ್ಳಿ. ಒಂದು ಹಿಡಿ, ಗಿರಗಿರ ತಿರುಗೋ ಫ್ರೇಮು, ಅದ್ರಲ್ಲಿ ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ಹತ್ತಿ ಬಟ್ಟೆ, ಅಷ್ಟೇ. ನೀರು ಆರ್ತಾ ಆರ್ತಾ ಬಟ್ಟೆ ಸುತ್ತಿರೋ ಬುಡ ತಣ್ಣಗಾಗುತ್ತೆ, ಗಾಳಿ ಒಣಗಿದ್ದಷ್ಟೂ ಎರಡರ ವ್ಯತ್ಯಾಸ ಜಾಸ್ತಿ.

ಮೊದ್ಲು ಬಟ್ಟೇನ ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ನೆನೆಸಿ, ಇನ್ವರ್ಟರ್ ಬ್ಯಾಟರಿಗೆ ಹಾಕೋ ನೀರೇ ಆಗುತ್ತೆ, ಬೋರ್‌ವೆಲ್ ನೀರು ಬೇಡ, ಉಪ್ಪು ಕಟ್ಟಿ ಬಟ್ಟೆ ಗಟ್ಟಿಯಾಗುತ್ತೆ. ಸ್ಟ್ಯಾಂಡ್‌ಗಳ ಮಧ್ಯೆ ಗಾಜು ಎಲ್ಲೂ ತಾಗದಂತೆ ಜಾಗ ನೋಡ್ಕೊಂಡು, ಮೈಯಿಂದ ದೂರ ಹಿಡಿದು, ಸೆಕೆಂಡಿಗೆ ಎರಡು ಮೂರು ಸುತ್ತಿನಂತೆ ಒಂದೂವರೆ ನಿಮಿಷ ತಿರುಗಿಸಿ. ನಿಲ್ಲಿಸಿದ ತಕ್ಷಣ ಒದ್ದೆದನ್ನೇ ಮೊದ್ಲು ಓದಿ, ಯಾಕಂದ್ರೆ ಅದು ಕ್ಷಣದಲ್ಲಿ ಏರೋಕೆ ಶುರುವಾಗುತ್ತೆ, ಬುಡ ಮುಟ್ಟಬೇಡಿ, ಹತ್ರ ಹೋಗಿ ಉಸಿರೂ ಬಿಡಬೇಡಿ. ಮತ್ತೆ ತಿರುಗಿಸಿ, ಓದಿ, ಒದ್ದೆದು ಇನ್ನು ಇಳಿಯಲ್ಲ ಅನ್ನೋವರೆಗೂ ಹಿಂಗೇ ಮಾಡಿ.

ಆಮೇಲೆ ಜೊತೆಗೆ ಬರೋ ಚಾರ್ಟ್ ನೋಡಿ. ಒಣದು 27, ಒದ್ದೆದು 25 ಇದ್ರೆ ತೇವಾಂಶ ಸುಮಾರು 85 ಪರ್ಸೆಂಟ್, ಚಾಕಿ ಹುಳಕ್ಕೆ, ಅಂದ್ರೆ ಎಳೇ ಮರಿಹುಳಕ್ಕೆ, ಹೇಳಿ ಮಾಡಿಸಿದಂಗಿದೆ. 25 ಮತ್ತು 21 ಇದ್ರೆ 70ರ ಹತ್ರ, ದೊಡ್ಡ ಹುಳಕ್ಕೆ ಸರಿ. ಗೂಡು ಕಟ್ಟೋಕೆ ಹುಳನ ಚಂದ್ರಿಕೆಗೆ (ಗೂಡು ಕಟ್ಟೋ ತಟ್ಟೆಗೆ) ಬಿಟ್ಟ ಮೇಲೆ 60–65 ಸಾಕು, ಆಗ ಕಿಟಕಿ ತೆಗೆದು ಗಾಳಿ ಆಡೋಕೆ ಬಿಡಿ.

ಓದೋದ್ರಲ್ಲಿ ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದ್ರೂ 3–4 ಪರ್ಸೆಂಟ್ ಆಚೀಚೆ ಆಗುತ್ತೆ, ಅದಕ್ಕೇ ಬಟ್ಟೆ ಬಗ್ಗೆ ಇಷ್ಟು ಕೊರೀತಿರೋದು. ಜ್ವರದ ಟೈಮಲ್ಲಿ, ಅಂದ್ರೆ ಹುಳ ಪೊರೆ ಬಿಡೋವಾಗ, ಸುಣ್ಣ ಉದುರಿಸ್ತೀವಲ್ಲ, ಆ ಪುಡಿ ಬಟ್ಟೆ ಮೇಲೆ ಕೂತ್ರೆ ನೀರು ಸರಿಯಾಗಿ ಹೀರಲ್ಲ, ಒದ್ದೆದು ಇಳಿಯಬೇಕಾದಷ್ಟು ಇಳಿಯಲ್ಲ, ಮನೆ ಒಣಗಿದ್ರೂ ತೇವ ಜಾಸ್ತಿ ಇದೆ ಅಂತ್ಲೇ ತೋರಿಸುತ್ತೆ, ನೀವು ತೇವ ಹೆಚ್ಚಿಸೋಕೆ ಗೋಣಿಚೀಲ ನೆನೆಸದೇ ಸುಮ್ಮನಿರ್ತೀರ, ಅಲ್ಲಿ ಸೊಪ್ಪು ಬಾಡ್ತಿರುತ್ತೆ. ಬಟ್ಟೆ ಹಳದಿಗೆ ತಿರುಗಿದ್ರೆ ಒಗೀತಾ ಕೂರಬೇಡಿ, ಬಿಸಾಕಿ ಹೊಸದು ಹಾಕಿ.