ಪಟ್ಟಿ ಓದಿ, ಪ್ರಶ್ನೆ ಕೇಳಿ: ನಿಮ್ಮ ಬೂತನ್ನು ನೀವೇ ಕಾಯುವುದು ಹೇಗೆ?

ಕಳೆದ ವಿಧಾನಸಭೆ ಚುನಾವಣೆಯ ದಿನ ನಮ್ಮ ಬೂತಿನ ಬಾಗಿಲಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ವೋಟರ್ ಐಡಿ ಇತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ. ವಾಸ ಬದಲಾಯಿಸಿದ್ದಾರೆ ಎಂದು ಅವರ ಹೆಸರನ್ನು ತೆಗೆದುಹಾಕಲಾಗಿತ್ತು. ಮದುವೆಯಾಗಿ ಬಂದ ದಿನದಿಂದ ಅವರು ಅದೇ ಮನೆಯಲ್ಲಿದ್ದಾರೆ. ‘ನಾನು ಎಲ್ಲಿಗೆ ಹೋದೆ ಅಂತ ಬರ್ಕೊಂಡಿದ್ದೀರಪ್ಪಾ?’ ಎಂದು ಅವರು ಕೇಳಿದಾಗ ಅಲ್ಲಿದ್ದ ಯಾರಿಗೂ ಉತ್ತರ ಹೊಳೆಯಲಿಲ್ಲ. ಆ ದಿನ ಮಾಡುವುದಕ್ಕೂ ಏನೂ ಉಳಿದಿರಲಿಲ್ಲ. ಮಾಡಬೇಕಾಗಿದ್ದ ಕೆಲಸ ಆರು ತಿಂಗಳ ಹಿಂದಿನದು. ಅದಕ್ಕೆ ಬೇಕಾಗಿದ್ದದ್ದು ಒಂದು ಪ್ರಿಂಟ್ ಔಟ್, ಒಂದು ಪೆನ್ಸಿಲ್, ಎರಡು ಭಾನುವಾರ.

ಚುನಾವಣೆ ಸರಿಯಾಗಿ ನಡೆಯಬೇಕು, ಆಳುವವರು ಲೆಕ್ಕ ಕೊಡಬೇಕು ಎಂದು ಎಲ್ಲರೂ ಹೇಳುತ್ತೇವೆ. ಇಡೀ ದೇಶದ್ದನ್ನು ತಲೆಗೆ ಹಾಕಿಕೊಂಡರೆ ಕೈಕಾಲೇ ಆಡುವುದಿಲ್ಲ. ಆದ್ದರಿಂದ ನಿಮ್ಮ ಬೂತನ್ನು ಮಾತ್ರ ಹಿಡಿದುಕೊಳ್ಳಿ. ಒಂದು ಬೂತಿಗೆ ಹೆಚ್ಚೆಂದರೆ ಸಾವಿರ, ಸಾವಿರದಿನ್ನೂರು ಹೆಸರು. ನಾಲ್ಕು ಜನ ಸೇರಿದರೆ ಓದಿ ಮುಗಿಸಬಹುದು.

ಮೊದಲು ಪಟ್ಟಿ ತೆಗೆಯಿರಿ

ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಮತದಾರರ ಪಟ್ಟಿ ಭಾಗವಾರು, ಅಂದರೆ ಒಂದು ಬೂತಿಗೆ ಒಂದು ಭಾಗದಂತೆ ಸಿಗುತ್ತದೆ. ನಿಮ್ಮ ಭಾಗದ ಸಂಖ್ಯೆ ಗೊತ್ತಿಲ್ಲದಿದ್ದರೆ ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ವೋಟರ್ ಐಡಿ ನಂಬರ್ ಹಾಕಿ ನೋಡಿ. ಇಲ್ಲವೇ 1950ಕ್ಕೆ ಫೋನ್ ಮಾಡಿ. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ತೆಗೆಸಿ. ಈ ಕೆಲಸ ಮೊಬೈಲ್ ಪರದೆಯಲ್ಲಿ ಆಗುವಂಥದ್ದಲ್ಲ, ಕಾಗದವೇ ಬೇಕು.

ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚೌಕ. ಅದರಲ್ಲಿ ಕ್ರಮಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು ಇರುತ್ತವೆ. ಕೊನೆಗೆ ಪೂರಕ ಪಟ್ಟಿ ಬರುತ್ತದೆ. ಅದರಲ್ಲಿ ಹೊಸದಾಗಿ ಸೇರಿದವರು, ತಿದ್ದುಪಡಿಯಾದವರು, ತೆಗೆದುಹಾಕಿದವರು ಬೇರೆ ಬೇರೆಯಾಗಿ ಇರುತ್ತಾರೆ. ಮೊದಲು ಓದಬೇಕಾದದ್ದು ಈ ತೆಗೆದುಹಾಕಿದವರ ಭಾಗವನ್ನು. ಹೆಸರಿನ ಪಕ್ಕ ಒಂದು ಅಕ್ಷರ ಇರುತ್ತದೆ. ‘ಇ’ ಎಂದರೆ ತೀರಿಕೊಂಡವರು, ‘ಎಸ್’ ಎಂದರೆ ವಾಸ ಬದಲಾಯಿಸಿದವರು, ‘ಆರ್’ ಎಂದರೆ ಎರಡು ಸಲ ಬಂದ ಹೆಸರು. ನಮ್ಮ ಅಜ್ಜಿಯ ಹೆಸರಿನ ಪಕ್ಕ ಇದ್ದದ್ದು ‘ಎಸ್’. ಆ ಒಂದು ಅಕ್ಷರವನ್ನು ಯಾರಾದರೂ ಮುಂಚೆಯೇ ನೋಡಿದ್ದರೆ ಅವರು ಅವತ್ತು ವೋಟು ಹಾಕಿ ಬರುತ್ತಿದ್ದರು.

ಮನೆ ಮನೆಗೆ ಹೋಗಿ ಓದಿ

ಒಬ್ಬರೇ ಹೋಗಬೇಡಿ. ಬೇರೆ ಬೇರೆ ಪಕ್ಷಗಳ ಕಡೆ ಒಲವಿರುವ ಇಬ್ಬರು ಜೊತೆಯಾಗಿ ಹೋಗುವುದು ಒಳ್ಳೆಯದು. ಆಗ ‘ಇವರು ಯಾರ ಕಡೆಯವರು’ ಎಂಬ ಪ್ರಶ್ನೆಯೇ ಬರುವುದಿಲ್ಲ. ಬಾಗಿಲು ತಟ್ಟಿ, ಪಟ್ಟಿ ತೋರಿಸಿ, ಆ ಮನೆಯ ಹೆಸರುಗಳನ್ನು ಗಟ್ಟಿಯಾಗಿ ಓದಿ. ಯಾರ ಆಧಾರ್ ನಂಬರನ್ನೂ, ಫೋನ್ ನಂಬರನ್ನೂ ಕೇಳಬೇಡಿ, ಬರೆದುಕೊಳ್ಳಬೇಡಿ. ಅದು ನಿಮ್ಮ ಕೆಲಸವೂ ಅಲ್ಲ, ನಿಮಗೆ ಆ ಅಧಿಕಾರವೂ ಇಲ್ಲ. ಯಾರಿಗೆ ವೋಟು ಹಾಕುತ್ತೀರಿ ಎಂದಂತೂ ಕೇಳಲೇಬಾರದು.

ಗುರುತು ಹಾಕಬೇಕಾದದ್ದು ಮೂರು ಥರದವರಿಗೆ: ಮನೆಯಲ್ಲಿದ್ದೂ ಪಟ್ಟಿಯಲ್ಲಿ ಇಲ್ಲದವರು, ಪಟ್ಟಿಯಲ್ಲಿದ್ದೂ ಮನೆಯಲ್ಲಿ ಇಲ್ಲದವರು, ಹದಿನೆಂಟು ತುಂಬಿಯೂ ಅರ್ಜಿ ಹಾಕದವರು. ಹದಿನೆಂಟು ತುಂಬಿದೆಯೇ ಎಂದು ಲೆಕ್ಕ ಹಾಕಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಜನವರಿಯವರೆಗೂ ಕಾಯಬೇಕು ಎಂದು ಸುಮ್ಮನಿರುವ ಮಕ್ಕಳು ಬಹಳ.

ಹೊಸ ಹೆಸರಿಗೆ ನಮೂನೆ 6. ತಪ್ಪಾಗಿ ತೆಗೆದುಹಾಕಿದ್ದರೂ ಮತ್ತೆ ನಮೂನೆ 6. ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ನಮೂನೆ 8. ಹೆಸರು ತೆಗೆಸಲು ನಮೂನೆ 7. ಅರ್ಜಿಯನ್ನು ನಿಮ್ಮ ಬೂತ್ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಒಗೆ ಕೊಡಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ಬಿಎಲ್‌ಒ ಹೆಚ್ಚಾಗಿ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಕಾರ್ಯಕರ್ತೆ ಆಗಿರುತ್ತಾರೆ. ತಮ್ಮ ಕೆಲಸದ ಮೇಲೆ ಇದನ್ನೂ ಮಾಡುವವರು ಅವರು. ಜಗಳಕ್ಕೆ ಹೋಗಬೇಡಿ, ನಿಮ್ಮ ಗುರುತು ಹಾಕಿದ ಪಟ್ಟಿಯನ್ನು ಅವರ ಜೊತೆ ಕೂತು ನೋಡಿ. ಆದರೆ ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ. ‘ಆಯ್ತು ಬಿಡಿ, ನೋಡ್ತೀನಿ’ ಎನ್ನುವ ಮಾತು ದಾಖಲೆಯಾಗುವುದಿಲ್ಲ.

ನಮೂನೆ 7ರ ಮೇಲೆ ಕಣ್ಣಿಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಕ್ಷೇತ್ರದ ಮತದಾರರು ಅದೇ ಕ್ಷೇತ್ರದ ಇನ್ನೊಬ್ಬರ ಹೆಸರು ತೆಗೆಯಿರಿ ಎಂದು ಅರ್ಜಿ ಹಾಕಬಹುದು. ಸತ್ತವರ ಹೆಸರು ಉಳಿಯಬಾರದು ಎಂಬುದಕ್ಕೆ ಇದು ಬೇಕೇ ಬೇಕು. ಆದರೆ ಇದೇ ದಾರಿಯಲ್ಲಿ ಬದುಕಿರುವವರ ಹೆಸರನ್ನೂ ತೆಗೆಸಲು ನೋಡಿದ ಉದಾಹರಣೆ ನಮ್ಮ ಕಲಬುರಗಿ ಜಿಲ್ಲೆಯ ಆಳಂದದಲ್ಲೇ ಇದೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಅಲ್ಲಿ ಆನ್‌ಲೈನ್‌ನಲ್ಲಿ 6,018 ನಮೂನೆ 7 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಿದ್ದದ್ದು ಬರೀ 24. ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು, ಪೊಲೀಸ್ ಕೇಸೂ ಆಯಿತು. ಯಾರೋ ಪಟ್ಟಿ ಹಿಡಿದು ಮನೆಗಳಿಗೆ ಹೋಗಿ ನೋಡಿದ್ದರಿಂದಲೇ ಆ ಹೆಸರುಗಳು ಉಳಿದವು.

ಬಂದ ಅರ್ಜಿಗಳ ಪಟ್ಟಿಯನ್ನು ಕ್ಷೇತ್ರದ ಮತದಾರರ ನೋಂದಣಿ ಅಧಿಕಾರಿ ಸಾರ್ವಜನಿಕವಾಗಿ ಹಾಕಬೇಕು. ನಮೂನೆ 6ರ ಅರ್ಜಿಗಳು ನಮೂನೆ 9ರಲ್ಲಿ, ಹೆಸರು ತೆಗೆಯುವ ಅರ್ಜಿಗಳು ನಮೂನೆ 10ರಲ್ಲಿ ಇರುತ್ತವೆ. ಪಟ್ಟಿ ಪರಿಷ್ಕರಣೆ ನಡೆಯುವಾಗ ವಾರಕ್ಕೊಮ್ಮೆ ನಮೂನೆ 10 ನೋಡುವ ಕೆಲಸವನ್ನು ನಿಮ್ಮ ಗುಂಪಿನಲ್ಲಿ ಒಬ್ಬರಿಗೆ ಒಪ್ಪಿಸಿ. ವಾಸ ಬದಲಾಗಿದೆ ಎಂದು ಹೆಸರು ತೆಗೆಯುವ ಮುಂಚೆ ಆ ವ್ಯಕ್ತಿಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು ಎನ್ನುತ್ತದೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 22ನೇ ಸೆಕ್ಷನ್. ನೋಟಿಸ್ ಬಂದಿಲ್ಲ ಎಂದಾದರೆ ಅದನ್ನೇ ಬರೆದು ಕೊಡಿ. ನೋಂದಣಿ ಅಧಿಕಾರಿಯ ಆದೇಶ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ. ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ.

ಒಂದು ಗಡುವನ್ನು ಮಾತ್ರ ಮರೆಯಬೇಡಿ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಚುನಾವಣೆ ಮುಗಿಯುವವರೆಗೆ ಪಟ್ಟಿಗೆ ಯಾರನ್ನೂ ಸೇರಿಸುವಂತಿಲ್ಲ, ಪಟ್ಟಿಯಿಂದ ಯಾರನ್ನೂ ತೆಗೆಯುವಂತಿಲ್ಲ.

ಪ್ರಚಾರದ ದಿನಗಳಲ್ಲಿ

ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳೆಲ್ಲ ನಮೂನೆ 26ರ ಪ್ರಮಾಣಪತ್ರದಲ್ಲಿ ಇರುತ್ತವೆ. ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಓದಬಹುದು. ಮತದಾರರಿಗೆ ಈ ಮಾಹಿತಿ ಪಡೆಯುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ನಾಗರಿಕರು ಕೋರ್ಟಿನ ಬಾಗಿಲು ತಟ್ಟಿದ್ದರಿಂದ.

ಹಣ, ಸೀರೆ, ಕುಕ್ಕರ್ ಹಂಚುವುದು ಕಂಡರೆ ದೂರು ಕೊಡಲು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ಆ್ಯಪ್ ಒಳಗಿಂದಲೇ ಫೋಟೊ ಅಥವಾ ವಿಡಿಯೊ ತೆಗೆಯಬೇಕು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಹಾಕಲು ಆಗುವುದಿಲ್ಲ. ಹೆಸರು ಹೇಳದೆಯೂ ದೂರು ಕೊಡಬಹುದು. 100 ನಿಮಿಷದೊಳಗೆ ಕ್ರಮ ಎಂಬುದು ಆಯೋಗದ ಮಾತು. ನಿಮ್ಮ ಜೀವಕ್ಕೆ ಅಪಾಯ ಅನ್ನಿಸುವ ಕಡೆ ಮಾತ್ರ ಫೋನ್ ಎತ್ತಬೇಡಿ.

ಮತದಾನದ ದಿನ: 17ಸಿ ಎಂಬ ಹಾಳೆ

ಮತದಾನ ಶುರುವಾಗುವ ಮುಂಚೆ ಅಭ್ಯರ್ಥಿಗಳ ಏಜೆಂಟರ ಎದುರು ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ವೋಟು ಹಾಕಿ, ಎಣಿಸಿ, ವೋಟು ಯಾರಿಗೆ ಬಿತ್ತೆಂದು ಕಾಗದದಲ್ಲಿ ತೋರಿಸುವ ವಿವಿಪ್ಯಾಟ್ ಚೀಟಿಗಳ ಜೊತೆ ತಾಳೆ ನೋಡಿ, ಮೆಷಿನ್ ಅಳಿಸಿ, ಸೀಲ್ ಮಾಡುತ್ತಾರೆ. ಏಜೆಂಟರು ಕಾಫಿ ಕುಡಿದು ತಡವಾಗಿ ಬಂದರೆ ಇದನ್ನು ನೋಡುವವರೇ ಇರುವುದಿಲ್ಲ. ನೀವು ಯಾವುದೇ ಅಭ್ಯರ್ಥಿಯ ಏಜೆಂಟರಲ್ಲದಿದ್ದರೆ ಬೂತಿನೊಳಗೆ ಕೂರುವಂತಿಲ್ಲ. ಆದ್ದರಿಂದ ಹಿಂದಿನ ವಾರವೇ ಎಲ್ಲ ಪಕ್ಷಗಳ ಏಜೆಂಟರನ್ನೂ ಮಾತಾಡಿಸಿ. ಅವರೂ ನಿಮ್ಮ ಬೀದಿಯವರೇ ಅಲ್ವಾ?

ಅವರಿಗೆ ಹೇಳಬೇಕಾದ ಮಾತು ಒಂದೇ: ‘ಸಂಜೆ 17ಸಿ ಪ್ರತಿ ತಗೊಳ್ಳದೆ ಎದ್ದು ಬರಬೇಡಿ.’ ಮತದಾನ ಮುಗಿದ ಮೇಲೆ ಮತಗಟ್ಟೆ ಅಧ್ಯಕ್ಷಾಧಿಕಾರಿ ತುಂಬುವ ಹಾಳೆ ಅದು. ವೋಟು ದಾಖಲಾಗುವ ಕಂಟ್ರೋಲ್ ಯೂನಿಟ್ಟಿನ ನಂಬರ್, ಬೂತಿನ ಒಟ್ಟು ಮತದಾರರು, ರಿಜಿಸ್ಟರ್‌ನಲ್ಲಿ ಸಹಿ ಹಾಕಿದವರು, ಮೆಷಿನ್ನಿನಲ್ಲಿ ದಾಖಲಾದ ವೋಟು, ಪೇಪರ್ ಸೀಲಿನ ನಂಬರ್ ಎಲ್ಲವೂ ಅದರಲ್ಲಿರುತ್ತವೆ. ಹಾಜರಿದ್ದ ಏಜೆಂಟರಿಗೆ ಸಹಿ ಮಾಡಿದ ಪ್ರತಿ ಕೊಡಬೇಕು ಎಂದು 1961ರ ಚುನಾವಣಾ ನಿಯಮಗಳಲ್ಲಿದೆ. ಎಣಿಕೆಯ ದಿನ ಮೇಜಿನ ಮೇಲೆ ಬಂದ ಮೆಷಿನ್ ನಿಮ್ಮ ಬೂತಿನದೇನಾ, ವೋಟು ಅಷ್ಟೇ ಇದೆಯಾ ಎಂದು ತಾಳೆ ನೋಡಲು ಇದೇ ಆಧಾರ. ಫಲಿತಾಂಶ ಬಂದ ಮೇಲೆ ಬೂತುವಾರು ಲೆಕ್ಕ ನಮೂನೆ 20ರಲ್ಲಿ ಎಲ್ಲರಿಗೂ ಸಿಗುತ್ತದೆ. 17ಸಿ ಪ್ರತಿಯನ್ನು ಏಜೆಂಟರಿಂದ ಕೇಳಿ ಪಡೆದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ತಡಮಾಡಬೇಡಿ. ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಲು ಇರುವುದು ಫಲಿತಾಂಶದಿಂದ 45 ದಿನ.

ಇನ್ನೊಂದು ವಿಷಯ. ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಲ್ಲಿ ಯಾರೋ ವೋಟು ಹಾಕಿದ್ದರೆ ಬೈದುಕೊಂಡು ಮನೆಗೆ ಬರಬೇಡಿ. ಗುರುತು ತೋರಿಸಿ ‘ಟೆಂಡರ್ಡ್ ವೋಟ್’ ಕೇಳಿ. ನಿಮಗೆ ಕಾಗದದ ಮತಪತ್ರ ಕೊಡುತ್ತಾರೆ. ಮಾಮೂಲಿ ಎಣಿಕೆಯಲ್ಲಿ ಅದು ಸೇರುವುದಿಲ್ಲ, ಆದರೆ ಮೋಸ ನಡೆದಿದೆ ಎಂಬುದಕ್ಕೆ ಅದು ಸಾಕ್ಷಿ.

ಗೆದ್ದ ಮೇಲೆ ಓದಬೇಕಾದ ಪಟ್ಟಿ

ಚುನಾವಣೆ ಮುಗಿದರೆ ನಿಮ್ಮ ಗುಂಪು ಚದುರಬಾರದು. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್‌ಕಿರಾನಾ ಎಂಬ ಹಳ್ಳಿಯಲ್ಲಿ ಮಾಡಿದ್ದೂ ಇದೇ ಕೆಲಸ. ಸರ್ಕಾರಿ ಕಾಮಗಾರಿಗಳ ಲೆಕ್ಕಪತ್ರಗಳನ್ನು ಊರ ಜನರ ಎದುರು ಗಟ್ಟಿಯಾಗಿ ಓದಿದರು. ಕೇಳುತ್ತಾ ಕೂತವರಿಗೆ ಯಾವುದು ಸುಳ್ಳು ಎಂದು ತಕ್ಷಣ ಗೊತ್ತಾಯಿತು, ಏಕೆಂದರೆ ಅದು ಅವರದೇ ಊರಿನ ಲೆಕ್ಕ. ಆ ಹೋರಾಟ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು.

ನೀವೂ ಒಂದೇ ಒಂದು ಕಾಮಗಾರಿ ಆರಿಸಿಕೊಳ್ಳಿ: ನಿಮ್ಮ ಬೀದಿಯ ಚರಂಡಿ, ಶಾಲೆಯ ಶೌಚಾಲಯ. ಹತ್ತು ರೂಪಾಯಿ ಶುಲ್ಕದ ಜೊತೆ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ‘ಚರಂಡಿ ಯಾಕೆ ಹೀಗಾಗಿದೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ: ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲಿನ ಪ್ರತಿ. ಇವುಗಳಲ್ಲಿ ಅಳತೆ ಪುಸ್ತಕವೇ ಮುಖ್ಯ. ಎಷ್ಟು ಮೀಟರ್ ಉದ್ದ, ಎಷ್ಟು ಆಳ ಎಂದು ಎಂಜಿನಿಯರ್ ಬರೆದು ಸಹಿ ಹಾಕಿರುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ ₹250ರಂತೆ ₹25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ.

ಪ್ರತಿ ಕೈಗೆ ಬಂದ ದಿನ ಒಂದು ಟೇಪು ತೆಗೆದುಕೊಂಡು ಅಲ್ಲಿಗೇ ಹೋಗಿ. ಒಬ್ಬರು ಅಳೆಯಲಿ, ಒಬ್ಬರು ಓದಲಿ, ಒಬ್ಬರು ಬರೆದುಕೊಳ್ಳಲಿ. ಆ ಹಾಳೆಯನ್ನು ಮುಂದಿನ ಗ್ರಾಮಸಭೆಗೋ ವಾರ್ಡ್ ಸಭೆಗೋ ಒಯ್ದು, ಮೈಕ್ ಕೇಳಿ, ಎರಡೂ ಅಳತೆಗಳನ್ನು ಒಂದರ ಪಕ್ಕ ಒಂದು ಓದಿ. ನೀವು ಓದಿದ್ದು ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ಕೂತಿರಿ.